ಓಬಕ್ಕ ಕೇಳಿದ ಕಾಗದ

ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಮಗಳು ಸುಮಾಗೆ ಗಂಡುಮಗು ಹುಟ್ಟಿ ಮೂರನೆಯ ದಿನ. ನರ್ಸ್ ಹುಡುಗಿಯೊಬ್ಬಳು ಬಂದು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ, ದಪ್ಪನೆಯ ಬಿಳಿ ಕಾಗದದ ಮೇಲಿದ್ದ ದುಂಡು ಗೆರೆಗಳೊಳಗೆ ಒಂದೊಂದೇ ಹನಿ ರಕ್ತ ಇಳಿಸಿದಳು. "ಏನಮ್ಮ ಇದು?" ಅಂದೆ. "ವಂಶದಲ್ಲಿ ಬರೋ ಕಾಯಿಲೆ ಏನಾದ್ರೂ ಇದ್ರೆ ಮೊದಲೇ ಗೊತ್ತಾಗುತ್ತೆ ಅಜ್ಜಿ" ಅಂದಳು. ಕಾಗದವನ್ನು ಕಿಟಕಿಯ ಪಕ್ಕದಲ್ಲಿ, ಬಿಸಿಲು ಬೀಳದ ಕಡೆ ಒಣಗಲು ಇಟ್ಟಳು. ಆಮೇಲೆ ಒಂದು ಫಾರಂ ಹಿಡಿದು, ಮನೆಯವರದ್ದು ಒಂದು ಸಹಿ ಬೇಕು ಅಂದಳು. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ, ಸಾವಿರಾರು ಕಾಗದಕ್ಕೆ ಸಹಿ ಹಾಕಿದವಳು ನಾನು. ಪೆನ್ನು ಹಿಡಿದ ಕೈ ಮುಂದೆ ಹೋಗಲೇ ಇಲ್ಲ. "ಮೊಮ್ಮಗ ಹುಟ್ಟಿದ ಖುಷಿಗೆ ಅಮ್ಮಂಗೆ ಸಹೀನೇ ಮರೆತುಹೋಗಿದೆ" ಎಂದು ಸುಮಾ ನಕ್ಕು, ತಾನೇ ಫಾರಂ ಎಳೆದುಕೊಂಡು ಗೀಚಿದಳು.

ಅಂಥದೇ ಇನ್ನೊಂದು ಕಾಗದದ ವಿಷಯ ಅವಳಿಗೆ ಗೊತ್ತಿಲ್ಲ. ಅದು ಅವಳ ವಿಷಯವೂ ಹೌದು. ಇಷ್ಟು ವರ್ಷ ಹೇಳಲಿಲ್ಲ. ಈಗ ಬರೆದಾದರೂ ಇಡುತ್ತೇನೆ, ಓದಿದರೆ ಓದಲಿ.

ಅದು ಎಪ್ಪತ್ತೆಂಟನೇ ಇಸವಿ, ಆಷಾಢದಿಂದ ದೀಪಾವಳಿಯವರೆಗಿನ ಮಾತು. ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರದ ಆಚೆ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುತ್ತಿದ್ದ ಒಂದು ಊರಿನ ಆರೋಗ್ಯ ಉಪಕೇಂದ್ರಕ್ಕೆ ನನ್ನನ್ನು ಹಾಕಿದ್ದರು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿ ಇನ್ನೂ ಬದುಕಿರುವವರು ಇದ್ದಾರೆ. ನಾನು ಹೊಳಲ್ಕೆರೆಯವಳು. ಆಗ ಇಪ್ಪತ್ತನಾಲ್ಕು ವರ್ಷ, ಕಂಕುಳಲ್ಲಿ ಎಂಟು ತಿಂಗಳ ಸುಮಾ. ಗಂಡ ಹಿರಿಯೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು, ವಾರಕ್ಕೊಮ್ಮೆ ಬಂದರೆ ಬಂದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಉಪಕೇಂದ್ರವೆಂದರೆ ಎರಡೇ ಕೋಣೆ. ಮುಂದಿನದರಲ್ಲಿ ಸರ್ಕಾರ, ಹಿಂದಿನದರಲ್ಲಿ ನನ್ನ ಸಂಸಾರ.

ಆ ವರ್ಷದ ಆಷಾಢದ ಗಾಳಿಯನ್ನು ಈಗ ನೆನೆದರೂ ಕಿವಿ ಗುಂಯ್‌ಗುಡುತ್ತದೆ. ಮೋಡ ಬರುವುದು, ನಮ್ಮ ತಲೆಯ ಮೇಲೆ ನಿಲ್ಲದೆ ಓಡುವುದು. ಅನ್ನಕ್ಕೆ ಕೈ ಹಾಕಿದರೆ ಮಣ್ಣು. ಒಣಹಾಕಿದ ಸೀರೆಯನ್ನು ಜಾಲಿಮುಳ್ಳಿನಿಂದ ಬಿಡಿಸಿಕೊಂಡು ಬರಬೇಕಾಗಿತ್ತು. ಜನರೂ ಹಾಗೇ, ಹತ್ತಿರ ಬಂದರೂ ನಿಲ್ಲುತ್ತಿರಲಿಲ್ಲ. ಒಂದೆರಡು ವರ್ಷ ಹಿಂದೆ, ಎಮರ್ಜೆನ್ಸಿಯಲ್ಲಿ, ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಆಪರೇಷನ್ ಮಾಡಿಸಿದ ಗಲಾಟೆ ಅವರಿಗೆ ಇನ್ನೂ ಮರೆತಿರಲಿಲ್ಲ. ನನ್ನ ಬಿಳಿ ಸೀರೆ ಕಂಡರೆ ಸಾಕು, ಗಂಡಸರು ಬದುವಿನ ಆಚೆ ಇಳಿದುಬಿಡುತ್ತಿದ್ದರು.

ಹೆದರದೆ ಬರುತ್ತಿದ್ದವಳು ಓಬಕ್ಕ ಒಬ್ಬಳೇ. ಅರ್ಧ ಮೈಲಿ ದೂರದ ಕುರಿಗಾರರ ಹಟ್ಟಿಯವಳು, ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಎರಡು ಮಕ್ಕಳು. ದೊಡ್ಡವನು ಮಲ್ಲೇಶಿ, ಐದು ವರ್ಷ. ಚಿಕ್ಕದು ಏಳು ತಿಂಗಳ ಹೆಣ್ಣು, ಪುಟ್ಟಿ. ನಾನು ಹಳ್ಳಿ ತಿರುಗಲು ಹೋದಾಗ ಸುಮಾಳನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ನಾನು ಬರುವುದು ತಡವಾಗಿ ಮಗು ಅತ್ತರೆ ತನ್ನ ಮೊಲೆಯನ್ನೇ ಕೊಡುತ್ತಿದ್ದಳು. "ನಿಮ್ಮ ಸುಮವ್ವ ನನ್ನೇ ಅವ್ವ ಅಂದ್ಕಂಡೈತೆ ನರ್ಸಮ್ಮ, ಇನ್ನೆಲ್ಡು ತಿಂಗ್ಳು ಬಿಟ್ರೆ ನಿಮ್ಮ ಹತ್ರ ಬರಾದೇ ಇಲ್ಲ" ಎಂದು ಕಾಡಿಸುತ್ತಿದ್ದಳು. ಹೊಟ್ಟೆಕಿಚ್ಚಾಗುತ್ತಿದ್ದದ್ದು ನಿಜ. ಆದರೂ ಅವಳಿಲ್ಲದಿದ್ದರೆ ಆ ಊರಿನಲ್ಲಿ ಒಂದು ತಿಂಗಳೂ ನಾನು ಇರುತ್ತಿರಲಿಲ್ಲ.

ಮಲ್ಲೇಶಿಯನ್ನು ಮೊದಲ ಸಲ ನೋಡಿದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಮೈಗಿಂತ ತಲೆ ದೊಡ್ಡದು, ಮೂಗು ಚಪ್ಪಟೆ, ಸದಾ ಗೊರಗೊರ ಉಸಿರು. ಹೊಟ್ಟೆ ಉಬ್ಬಿತ್ತು, ಸೊಂಟದ ಮೇಲೆ ಬೆನ್ನುಮೂಳೆ ಎದ್ದಿತ್ತು. ಕಣ್ಣಿನ ಕರಿಗುಡ್ಡೆಯ ಮೇಲೆ ಮಂಜು ಕವಿದಂತಿತ್ತು. ಕೈಬೆರಳು ಒಳಕ್ಕೆ ಬಾಗಿದ್ದವು, ಬಿಡಿಸಿದರೂ ಬಿಡುತ್ತಿರಲಿಲ್ಲ. ಮೂರು ವರ್ಷಕ್ಕೆ 'ಅವ್ವ', 'ಬಾ' ಅನ್ನುತ್ತಿದ್ದವನು ನಾಲ್ಕಕ್ಕೆ ಅದನ್ನೂ ಮರೆತ. ಹಟ್ಟಿಯವರು ಅವನನ್ನು ದೇವರ ಕೂಸು ಅನ್ನುತ್ತಿದ್ದರು. ಓಬಕ್ಕ ಮಾತ್ರ ಹಾಗೆ ಅಂದದ್ದನ್ನು ನಾನು ಕೇಳಲಿಲ್ಲ.

ಹೊಸದುರ್ಗಕ್ಕೆ ಆಗಷ್ಟೇ ಒಬ್ಬ ಎಳೆ ವಯಸ್ಸಿನ ಡಾಕ್ಟರು ಬಂದಿದ್ದರು. ಮಲ್ಲೇಶಿಯನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರು ಈರಜ್ಜ. ಈರಜ್ಜನ ವಿಷಯ ಇಲ್ಲೇ ಹೇಳಬೇಕು. ಓಬಕ್ಕನಿಗೆ ಅವರು ಮಾವ, ಗಂಡನ ಅಪ್ಪ. ಹಾಗೆಯೇ ತಾಯಿಯ ಅಪ್ಪನೂ ಹೌದು. ಓಬಕ್ಕನ ಗಂಡ ತಿಪ್ಪೇಶಿ ಅವಳ ಅವ್ವನ ಒಡಹುಟ್ಟಿದ ತಮ್ಮ. ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ನಮ್ಮ ಕಡೆ ಹೊಸದಲ್ಲ. ನನ್ನ ಅಜ್ಜಿಯನ್ನೂ ಹಾಗೇ ಕೊಟ್ಟಿದ್ದರು. ಹಾಗಾಗಿ ಓಬಕ್ಕ ಅವರನ್ನು ಮಾವ ಅಂದದ್ದೇ ಇಲ್ಲ, ಹುಟ್ಟಿದಾಗಿನಿಂದ ಅಜ್ಜ ಅನ್ನುತ್ತಿದ್ದಳು.

ಡಾಕ್ಟರು ಹುಡುಗನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಬೆನ್ನಿನ ಮೇಲೆ ಕೈಯಾಡಿಸಿದರು, ಬೆರಳು ಹಿಡಿದು ನೋಡಿದರು. ಅವರಿಗೆ ಪಾಠ ಹೇಳಿದ ಪ್ರೊಫೆಸರೊಬ್ಬರು ಬೆಂಗಳೂರಿನಲ್ಲಿ ಇಂಥ ಮಕ್ಕಳ ಪರೀಕ್ಷೆ ಮಾಡುತ್ತಿದ್ದರಂತೆ. ಉಚ್ಚೆಯ ಹನಿ ಕಾಗದದ ಮೇಲೆ ಬಿಟ್ಟು ಒಣಗಿಸಿ ಕಳಿಸಿದರೆ ಸಾಕು. ಅಲ್ಲಿ ನೀಲಿ ಬಣ್ಣದಲ್ಲಿ ಅದ್ದಿ ತೊಳೆಯುತ್ತಾರೆ. ಕಾಯಿಲೆ ಇಲ್ಲದಿದ್ದರೆ ಬಣ್ಣ ತೊಳೆದುಹೋಗುತ್ತದೆ, ಇದ್ದರೆ ಊದಾ ಕಲೆ ಉಳಿಯುತ್ತದೆ. ಮಲ್ಲೇಶಿಯದನ್ನು ಅಲ್ಲೇ ತೆಗೆದು ಕಳಿಸಿದರು. ಮೂರು ವಾರಕ್ಕೆ ಉತ್ತರ ಬಂತು. ಕಲೆ ಉಳಿದಿತ್ತು.

ಡಾಕ್ಟರು ಓಬಕ್ಕನನ್ನೂ ಈರಜ್ಜನನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಮೈಯೊಳಗೆ ದಿನವೂ ಕಸ ಬೀಳುತ್ತದೆ, ಅದನ್ನು ಕರಗಿಸುವ ಒಂದು ರಸ ಇರುತ್ತದೆ, ಈ ಹುಡುಗನಿಗೆ ಆ ರಸ ಹುಟ್ಟಿನಿಂದಲೇ ಇಲ್ಲ. ಕಸವೆಲ್ಲ ಮೂಳೆಯಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ ಸೇರಿಕೊಳ್ಳುತ್ತಿದೆ. ಔಷಧಿ ಇಲ್ಲ. ಹತ್ತು ವರ್ಷ ದಾಟುವುದು ಕಷ್ಟ. "ತಾಯಿಯಲ್ಲೂ ಅರ್ಧ ದೋಷ, ತಂದೆಯಲ್ಲೂ ಅರ್ಧ ದೋಷ ಇದ್ದರೆ ಮಾತ್ರ ಇದು ಬರೋದು. ಇಬ್ಬರದೂ ಒಂದೇ ಮನೆತನ ಅಲ್ವಾ, ಹಾಗಾಗಿ ಸೇರಿಕೊಂಡಿದೆ. ಯಾರ ತಪ್ಪೂ ಅಲ್ಲ. ಚಿಕ್ಕ ಮಗುವನ್ನೂ ಪರೀಕ್ಷೆ ಮಾಡಿಸಿ. ಮನೆಯೊಳಗೇ ಇನ್ನೊಂದು ಮದುವೆ ಮಾತ್ರ ಮಾಡಬೇಡಿ" ಅಂದರು. ಓಬಕ್ಕ ಕಾಲ ಮೇಲೆ ಮಲಗಿದ್ದ ಪುಟ್ಟಿಯ ಮುಖದ ಮೇಲೆ ಸೆರಗು ಎಳೆದಳು.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಬೇಕಾಗಿತ್ತು. ಬಾಯಿ ಬಿಟ್ಟೆ. ಈರಜ್ಜ ಎರಡು ವರ್ಷಕ್ಕೊಮ್ಮೆ ಹಿಂಡಿನ ಟಗರನ್ನು ಬದಲಾಯಿಸುತ್ತಿದ್ದರು. ತಮ್ಮ ಟಗರನ್ನು ಹಿರಿಯೂರಿನ ಕಡೆಯ ಆದಿವಾಲದ ಒಬ್ಬ ಕುರಿಗಾರನಿಗೆ ಕೊಟ್ಟು, ಅವನ ಟಗರನ್ನು ತರುತ್ತಿದ್ದರು. ಟಗರಿಗೆ ಹುಟ್ಟಿದ ಹೆಣ್ಣುಮರಿಗಳು ಬೆದೆಗೆ ಬರುವ ಹೊತ್ತಿಗೆ ಆ ಟಗರು ಅದೇ ಹಿಂಡಿನಲ್ಲಿ ಇರಕೂಡದು, ಅಷ್ಟೇ ಲೆಕ್ಕ. ಅದನ್ನೇ ಹಿಡಿದು, "ಕುರಿಗೆ ಮಾಡೋದನ್ನ ಮನೇಲಿ ಯಾಕೆ ಮಾಡಲ್ಲ ಈರಜ್ಜ?" ಅಂದುಬಿಟ್ಟೆ. ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ ಕಿಟಕಿಯ ಕಡೆ ತಿರುಗಿದರು. ಇಳಿದ ಮೇಲೆ ಹೇಳಿದರು: "ಒಂದು ಮರಿ ಕೆಟ್ರೆ ನಾನು ಕುರೀನೂ ಬೈಯಲ್ಲ, ಟಗರ್ನೂ ಬೈಯಲ್ಲ ನರ್ಸವ್ವ. ಮೇವು ಕೆಟ್ಟಿರ್ತೈತೆ, ಏನೋ ಆಗಿರ್ತೈತೆ. ಅದೇ ಕುರಿ ಎಲ್ಡನೇ ಸಲಾನೂ ಅಂಥದ್ನೇ ಹಾಕ್ತಾ, ಆವಾಗ ನೋಡ್ತೀನಿ. ಚಿಕ್ಕ ಕೂಸಿಂದು ಕಾಗ್ದ ಬರ್ಲಿ."

ಮನೆಗೆ ಬಂದು ಹೇಳಿದಾಗ ಅವರ ಹೆಂಡತಿ ಕೆಂಚಜ್ಜಿ ಅಷ್ಟೂ ಕಾಯಲಿಲ್ಲ. ಓಬಕ್ಕನಿಗೆ ತವರೂರು ಮಾಡದಕೆರೆಯಲ್ಲಿ ತಿಮ್ಮಿ ಅಂತ ಒಬ್ಬ ತಂಗಿ, ಹದಿನಾರು ವರ್ಷದವಳು. "ಎಲ್ಡನೇದೂ ಹಿಂಗೇ ಆದ್ರೆ ತಿಮ್ಮಿನ ತಿಪ್ಪೇಶಂಗೆ ತರಾಣ. ಅಕ್ಕ ತಂಗಿ ಒಂದೇ ಮನ್ಯಾಗೆ ಇರ್ತಾರೆ, ಏನಾತು? ಇವಳ ಹೊಟ್ಟೆ ಸರಿಯಿಲ್ಲ" ಅಂದರು. ಇಬ್ಬರಿಂದಲೂ ಬಂದದ್ದು ಅಜ್ಜಿ, ಇವಳೊಬ್ಬಳದಲ್ಲ, ತಿಮ್ಮಿಯ ರಕ್ತವೂ ಅದೇ ಅಲ್ಲವಾ ಎಂದು ನಾನು ಬಡಕೊಂಡೆ. "ಅವ್ಳು ಬ್ಯಾರೆ, ಇವ್ಳು ಬ್ಯಾರೆ" ಎಂದು ಅಜ್ಜಿ ಒಳಗೆ ಹೋದರು. ಓಬಕ್ಕ ಒಲೆಯ ಮುಂದೆ ಕೂತು ಮಲ್ಲೇಶಿಗೆ ಗಂಜಿ ಕುಡಿಸುತ್ತಿದ್ದಳು.

ಆಮೇಲಿನ ಮಂಗಳವಾರ ಓಬಕ್ಕನನ್ನು ಪುಟ್ಟಿಯ ಜೊತೆ ಉಪಕೇಂದ್ರಕ್ಕೆ ಬರಹೇಳಿದೆ. ಕೆಲಸ ಸುಲಭದ್ದು. ಕುದಿಸಿ ತೊಳೆದ ಬಟ್ಟಲನ್ನು ಮಗುವಿನ ಕೆಳಗೆ ಹಿಡಿದು ಕಾಯುವುದು, ಹೊಯ್ದ ಕೂಡಲೇ ಕಾಗದದ ದುಂಡುಗಳೊಳಗೆ ಹನಿ ಬಿಟ್ಟು ನೆರಳಲ್ಲಿ ಒಣಗಿಸುವುದು. ಫಾರಮ್ಮಿನ ಕೊನೆಯಲ್ಲಿ 'ನನ್ನ ಸಮಕ್ಷಮದಲ್ಲಿ ಸಂಗ್ರಹಿಸಲಾಗಿದೆ' ಎಂದು ಒಂದು ಸಾಲು, ಅದರ ಕೆಳಗೆ ನನ್ನ ಸಹಿ. ಪುಟ್ಟಿ ದಾರಿಯಲ್ಲೇ ಅವ್ವನ ಸೀರೆ ಒದ್ದೆ ಮಾಡಿ ಬಂದಿದ್ದಳು. ಗಂಟೆಗಟ್ಟಲೆ ಕಾದೆವು, ಒಂದು ಹನಿಯಿಲ್ಲ. "ಸರ್ಕಾರದ ಕೆಲ್ಸ ಅಂತ ಗೊತ್ತಾಗೈತೆ ನೋಡ್ರಿ ಇದಕ್ಕೆ, ಅದಕ್ಕೇ ನಿಧಾನ" ಎಂದು ಓಬಕ್ಕ ನಗಿಸಿದಳು. ಅಷ್ಟರಲ್ಲಿ ಪಕ್ಕದ ಹಳ್ಳಿಯಿಂದ ಒಬ್ಬ ಓಡಿಬಂದ. ಹೆಂಡತಿಗೆ ನೋವು ಶುರುವಾಗಿದೆ, ಕೂಸು ಅಡ್ಡ ಇದೆ ಅಂದ. ಚೀಲ ಹೆಗಲಿಗೆ ಹಾಕಿಕೊಂಡೆ. ಬಟ್ಟಲು, ಕಾಗದ, ಇಬ್ಬರು ಮಕ್ಕಳು, ಎಲ್ಲವನ್ನೂ ಓಬಕ್ಕನಿಗೆ ಒಪ್ಪಿಸಿ ಹೊರಟೆ.

ತಿರುಗಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಕಾಗದ ಕಿಟಕಿಯ ಕೆಳಗೆ ಒಣಗಿತ್ತು, ಮೂರು ದುಂಡಿನಲ್ಲೂ ತೆಳು ಹಳದಿ. ಇಬ್ಬರು ಹೆಣ್ಣುಮಕ್ಕಳೂ ಒಂದೇ ಕಂಬಳಿಯ ಮೇಲೆ ನಿದ್ದೆ ಮಾಡುತ್ತಿದ್ದರು. "ಹೊಯ್ದಳಾ?" ಅಂದೆ. "ಹೊಯ್ದ್ಲು" ಅಂದಳು. ನನಗೆ ಹಸಿವು, ಕಾಲುನೋವು. ನಿಂತಲ್ಲೇ ಸಹಿ ಹಾಕಿ ಲಕೋಟೆಗೆ ತುರುಕಿದೆ. ಅವಳು ನನ್ನ ಮುಖ ನೋಡಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಏನೂ ಅನ್ನಿಸಲಿಲ್ಲ.

ಶ್ರಾವಣದ ನಡುವಿನಲ್ಲಿ ಉತ್ತರ ಬಂತು. ಪುಟ್ಟಿಯ ಹೆಸರು, ಓಬಕ್ಕನ ಹೆಸರು, ಕೆಳಗೆ ಟೈಪು ಮಾಡಿದ ಎರಡು ಸಾಲು. ಕಲೆ ಇಲ್ಲ, ಮಗುವಿಗೆ ಕಾಯಿಲೆ ಇಲ್ಲ. ಕಾಗದ ಹಿಡಿದುಕೊಂಡು ಹಟ್ಟಿಗೆ ಓಡಿದೆ, ಸುಳ್ಳಲ್ಲ, ಓಡಿಯೇ ಹೋದೆ. ಕುರಿಯ ಕೂದಲು ಕತ್ತರಿಸುವ ದಿನಗಳು ಅವು. ಅಂಗಳದ ತುಂಬ ಉಣ್ಣೆ, ಎಣ್ಣೆಜಿಡ್ಡಿನ ವಾಸನೆ. ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ಈರಜ್ಜ ಕತ್ತರಿ ಕೆಳಗಿಟ್ಟು, ಕಾಗದ ಈಸಿಕೊಂಡು, ಓದಲು ಬರದಿದ್ದರೂ ತುಂಬ ಹೊತ್ತು ನೋಡಿದರು. "ಇದು ನೀವು ಸೈ ಹಾಕಿದ್ದುಕ್ಕೆ ಬಂದ ಉತ್ರಾನೇ ಅಲ್ವಾ ತಾಯಿ?" ಅಂದರು. ಹೌದು ಅಂದೆ. "ಹಂಗಾರೆ ಸರಿ ಬಿಡ್ರಿ" ಎಂದು ಕಾಗದ ವಾಪಸು ಕೊಟ್ಟು ನಿಟ್ಟುಸಿರು ಬಿಟ್ಟರು.

ಆ ನಿಟ್ಟುಸಿರಿನ ಹಿಂದೆಯೇ ಕೆಂಚಜ್ಜಿಯ ಮಾತು ಬಂತು. "ಅಂಗಾರೆ ನಮ್ಮ ರಕ್ತದಾಗೆ ಏನೂ ಇಲ್ಲ ಅಂತ ಆತಲ್ಲ. ಮಲ್ಲೇಶಿದು ಅದರ ಹಣೇಬರ. ತಿಮ್ಮಿನ ನಮ್ಮ ಮಂಜಂಗೆ ತಂದ್ಕಳಾಣ, ಶ್ರಾವಣದಾಗೇ ವೀಳ್ಯ ಮಾಡಾಣ." ಮಂಜ ಎಂದರೆ ಅವರ ಕೊನೆಯ ಮಗ, ತಿಪ್ಪೇಶಿಯ ತಮ್ಮ, ತಿಮ್ಮಿಗೂ ಸೋದರಮಾವ. ಡಾಕ್ಟರು ಬೇಡ ಅಂದಿದ್ದಾರೆ, ಒಂದು ಮಗುವಿಗೆ ಬಂದಿದೆ ಎಂದರೇನೇ ಈ ಮನೆಯಲ್ಲಿ ಅದು ಇದೆ ಎಂದು ಅರ್ಥ ಅಂದೆ. "ಈಗ್ತಾನೆ ಇಲ್ಲ ಅಂತ ಓದಿದ್ರಲ್ಲ ನರ್ಸಮ್ಮ, ಒಂದೇ ಬಾಯಾಗೆ ಎಲ್ಡು ಮಾತಾಡ್ತೀರಲ್ಲ!" ಎಂದು ಅಜ್ಜಿ ನಕ್ಕರು, ಸುತ್ತ ಇದ್ದವರೂ ನಕ್ಕರು. ಓಬಕ್ಕ ಉಣ್ಣೆ ಬಿಡಿಸುತ್ತಿದ್ದವಳು ಎದ್ದು ಒಳಗೆ ಹೋದಳು.

ವೀಳ್ಯಕ್ಕೆ ಎರಡು ದಿನವಿದೆ ಎನ್ನುವಾಗ ಓಬಕ್ಕ ಪುಟ್ಟಿಯನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿದಳು.

"ನರ್ಸಮ್ಮ, ಒಂದು ಮಾತು ಹೇಳ್ತೀನಿ. ಬೈರಿ, ಹೊಡೀರಿ, ಆದ್ರೆ ಪೂರಾ ಕೇಳ್ರಿ. ಆ ಕಾಗ್ದದ ಮ್ಯಾಲೆ ಬಿಟ್ಟಿದ್ದು ಪುಟ್ಟಿದಲ್ಲ. ನಿಮ್ಮ ಸುಮವ್ವಂದು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಕೈ ಎತ್ತಿದ್ದೆ. ಹೊಡೆಯಲಿಲ್ಲ.

"ಪುಟ್ಟಿ ಕೈಬೆಳ್ಳು ಮಡಚ್ಕಂಡಿದ್ನ ನಾನು ಮೂರ್ತಿಂಗ್ಳಿಗೇ ನೋಡಿದ್ದೆ. ಮಲ್ಲೇಶಿಗೂ ಹಿಂಗೇ ಶುರುವಾಗಿದ್ದು. ಕಾಗ್ದ ಕೆಟ್ಟದ್ದು ಅಂತ ಬಂದ್ರೆ ತಿಮ್ಮಿನ ನನ್ನ ಗಂಡಂಗೇ ತರ್ತಿದ್ರು. ನಾನು ಎತ್ತಿ ಆಡ್ಸಿದ ತಂಗಿ, ನಂಗೇ ಸವತಿ ಆಗಾದಾ? ಅದಕ್ಕೇ ಮಾಡ್ದೆ. ಅವಳು ಈ ಮನಿಗೆ ಬರ್ದೇ ಇರ್ಲಿ ಅಂತ ಮಾಡ್ದೆ. ಈಗ ಮಂಜಂಗೆ ಅಂತ ಕರ್ಕಂಡೇ ಬರ್ತಾವ್ರೆ. ಅವಳ ಹೊಟ್ಟ್ಯಾಗೂ ಇಂಥವೇ ಹುಟ್ಟಿದ್ರೆ ನಾನು ಏನ್ ಮಾಡ್ಲಿ?"

ಅಯ್ಯೋ ಶಿವನೇ ಎಂದು ತಲೆ ಹಿಡಿದು ಕೂತೆ. ಅವಳ ಮೇಲೆ ಸಿಟ್ಟು ಬಂದದ್ದು ಒಂದು ಗಳಿಗೆ, ಆಮೇಲೆ ಬಂದದ್ದು ಬರೀ ಹೆದರಿಕೆ. ಸಮಕ್ಷಮದಲ್ಲಿ ಎಂದು ಸಹಿ ಹಾಕಿದವಳು ನಾನು. ಇದು ಮೇಲಿನವರಿಗೆ ತಿಳಿದರೆ ಕೆಲಸ ಹೋಗುವುದು ಗ್ಯಾರಂಟಿ. "ನೀನು ಬಾಯಿ ಬಿಡಬೇಡ, ನಾನು ಏನಾದರೂ ಮಾಡುತ್ತೇನೆ" ಎಂದು ಕಳಿಸಿದೆ. ಹೋಗುವ ಮುನ್ನ ಅಳುತ್ತಿದ್ದ ಸುಮಾಳನ್ನು ಎತ್ತಿ ಸಮಾಧಾನ ಮಾಡಿಯೇ ಹೋದಳು.

ಮರುದಿನ ಕುರಿ ಕೂಡುವ ರೊಪ್ಪದ ಹತ್ತಿರ ಈರಜ್ಜನನ್ನು ಹಿಡಿದೆ. ಆ ಕಾಗದಕ್ಕೆ ದಾರಿಯಲ್ಲಿ ನೀರು ತಾಗಿತ್ತೋ ಏನೋ, ಇನ್ನೊಂದು ಸಲ ಪರೀಕ್ಷೆಗೆ ಕಳಿಸೋಣ, ಅಲ್ಲಿಯವರೆಗೆ ವೀಳ್ಯ ಬೇಡ ಅಂದೆ. ಮಳೆಯೇ ಬಾರದ ವರ್ಷದಲ್ಲಿ ನೀರು ತಾಗಿತ್ತಂತೆ! ನನ್ನ ಸುಳ್ಳು ನನಗೇ ನಾಚಿಕೆಯಾಗುವಷ್ಟು ಕೆಟ್ಟದಾಗಿತ್ತು. ಅವರು ಒಂದು ಮರಿಯ ಗೊರಸು ಕೆರೆಯುತ್ತ ಹೇಳಿದರು: "ಮೊದ್ಲು ಬಂದ ಕಾಗ್ದ ಸುಳ್ಳಾದ್ರೆ ನಾಳೆ ಬರೋದು ನಿಜ ಅಂತ ಹೆಂಗೆ ನಂಬ್ಲಿ ತಾಯಿ? ಅದರಾಗೂ ನಿಮ್ಮ ಸೈನೇ ಇರ್ತೈತಲ್ಲ." ನಿಜ ಹೇಳಲು ಆಗಲೂ ಸಮಯವಿತ್ತು. ಹೇಳದೆ ಬಂದೆ.

ವೀಳ್ಯದ ದಿನ ಬೆಳಗಿನಿಂದಲೇ ಗಾಳಿ. ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಹಿರಿಯರನ್ನು ಕೂರಿಸಿದ್ದರು. ನಡುವೆ ತಟ್ಟೆಯಲ್ಲಿ ಎಲೆ, ಅಡಿಕೆ, ಕಾಯಿ, ಬೆಲ್ಲ. ಎಲೆ ಹಾರದಂತೆ ಮೇಲೊಂದು ಕಲ್ಲು ಇಟ್ಟಿದ್ದರು. ಓಬಕ್ಕನ ಅಪ್ಪ ಮಾಡದಕೆರೆಯಿಂದ ಬಂದಿದ್ದ. ತಿಮ್ಮಿ ಒಳಗೆ ಹೊಸ ಬಳೆ ತೊಟ್ಟು, ಕೈ ಆಡಿಸಿ ಸದ್ದು ಮಾಡಿಕೊಂಡು ಕೂತಿತ್ತು, ಮಗು ಇನ್ನೂ. ನನ್ನನ್ನೂ ಕರೆಸಿ, "ಕುಂತ್ಕಳ್ರಿ ನರ್ಸವ್ವ" ಎಂದು ಮಣೆ ಕೊಟ್ಟರು. ಸುಮಾ ನನ್ನ ತೊಡೆಯ ಮೇಲಿದ್ದಳು.

ಈರಜ್ಜ ತಟ್ಟೆಗೆ ಕೈ ಹಾಕುವಾಗ ಓಬಕ್ಕ ಪುಟ್ಟಿಯನ್ನು ಎತ್ತಿಕೊಂಡು ಗಂಡಸರ ನಡುವೆ ಬಂದು ನಿಂತಳು.

"ವೀಳ್ಯ ನಿಲ್ಸು ಅಜ್ಜ. ಕಾಗ್ದ ಸುಳ್ಳು. ಅದು ನನ್ನ ಮಗಳದಲ್ಲ. ನರ್ಸಮ್ಮ ಹೆರಿಗೆಗೆ ಹೋದಾಗ ಅವ್ರ ಮಗಳದ್ನ ನಾನು ಬಿಟ್ಟೆ. ಪುಟ್ಟಿಗೂ ಮಲ್ಲೇಶಿದೇ ಕಾಯ್ಲೆ."

"ಲೇ, ತಂಗಿ ಚೆನ್ನಾಗಿರೋದು ನೋಡಕ್ಕಾಗ್ದೆ ಹಿಂಗೆ ಬೊಗುಳ್ತೀಯಾ?" ಎಂದು ಕೆಂಚಜ್ಜಿ ಒಳಗಿನಿಂದ ಚೀರುತ್ತ ಬಂದರು. ತಿಪ್ಪೇಶಿ ಎದ್ದು ಓಬಕ್ಕನ ರಟ್ಟೆ ಹಿಡಿದ. ಆಗ ಹಿರಿಯರಲ್ಲಿ ಒಬ್ಬರು ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು. "ಗಲಾಟೆ ಯಾಕ್ರಪ್ಪ, ನರ್ಸವ್ವ ಇಲ್ಲೇ ಅವ್ರಲ್ಲ. ನೀವೇ ಹೇಳ್ರಿ. ಆ ಹುಡುಗೀದು ತೆಗಿಯೋವಾಗ ನೀವು ಎದುರಿಗಿದ್ರೋ, ಇಲ್ವೋ?"

ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಓಬಕ್ಕನೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಧೈರ್ಯವಿತ್ತು, ಈಗ ನನ್ನವರು ಒಬ್ಬರು ಮಾತಾಡುತ್ತಾರೆ ಎಂಬ ಧೈರ್ಯ. ನಾನು ಅಂದೆ: "ಇದ್ದೆ."

ಒಂದೇ ಮಾತು. ಥೂ. ಈಗಲೂ ನನ್ನ ಬಾಯಿ ನನಗೆ ಹೇಸಿಗೆಯಾಗುತ್ತದೆ. ಕೆಲಸ ಕಾಯಂ ಆಗಿರಲಿಲ್ಲ, ವಯಸ್ಸು ಚಿಕ್ಕದು, ಮಂದಿಯ ಮುಂದೆ ಗಾಬರಿ, ಎಲ್ಲ ಸಬೂಬನ್ನೂ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನನ್ನ ಮಗಳಿಗೆ ಹಾಲು ಕೊಟ್ಟವಳನ್ನು ನಾನು ನೆರೆದ ಜನರ ಮುಂದೆ ಸುಳ್ಳುಗಾತಿ ಮಾಡಿದೆ, ಅಷ್ಟೇ ನಿಜ.

ಓಬಕ್ಕ ತಿಪ್ಪೇಶಿಯ ಕೈ ಕೊಡವಿ, ಈರಜ್ಜನ ಮುಂದೆ ಮೊಣಕಾಲೂರಿ, ಪುಟ್ಟಿಯನ್ನು ಕಂಬಳಿಯ ಮೇಲೆ ಬೋರಲು ಮಲಗಿಸಿ ಅಂಗಿ ಮೇಲಕ್ಕೆ ಎಳೆದಳು. "ಯಾರ ಕಾಗ್ದಾನೂ ಬ್ಯಾಡ ಅಜ್ಜ. ಮರಿ ನೋಡ್ತೀಯಲ್ಲ, ಹಂಗೇ ನೋಡು" ಅಂದಳು.

ಸಂತೆಯಲ್ಲಿ ಮರಿ ಕೊಳ್ಳುವಾಗ ಈರಜ್ಜ ಕಣ್ಣಿನಿಂದ ನೋಡುತ್ತಿರಲಿಲ್ಲ, ಹೆಬ್ಬೆರಳಿನಿಂದ ನೋಡುತ್ತಿದ್ದರು. ಅದೇ ಹೆಬ್ಬೆರಳನ್ನು ಮಗುವಿನ ಕತ್ತಿನಿಂದ ಕೆಳಕ್ಕೆ, ಒಂದೊಂದೇ ಬೆನ್ನುಗಂಟಿನ ಮೇಲೆ ಇಳಿಸಿದರು. ಸೊಂಟದ ಸ್ವಲ್ಪ ಮೇಲೆ ನಿಂತಿತು. ಅಲ್ಲೊಂದು ಉಬ್ಬು ಇದ್ದದ್ದನ್ನು ಅಷ್ಟು ದೂರದಿಂದ ನಾನೂ ಕಂಡೆ. ಎಷ್ಟು ಸಲ ಎತ್ತಿದ್ದೆ ಆ ಮಗುವನ್ನು, ನರ್ಸಂತೆ ನರ್ಸು! ಆಮೇಲೆ ಅವರು ಆ ಪುಟ್ಟ ಕೈ ಹಿಡಿದು ಬೆರಳು ಬಿಡಿಸಲು ನೋಡಿದರು. ಬಿಡಲಿಲ್ಲ. ಅಂಗಿ ಕೆಳಗೆ ಎಳೆದು, ಮಗುವನ್ನು ಎತ್ತಿ ಓಬಕ್ಕನ ಕೈಗೆ ಕೊಟ್ಟರು. ವೀಳ್ಯದ ತಟ್ಟೆಯನ್ನು ಎತ್ತಿ ಅವಳ ಅಪ್ಪನ ಕೈಗೆ ಕೊಟ್ಟರು. "ತಿಮ್ಮಿಗೆ ಬ್ಯಾರೆ ಕಡೆ ನೋಡಪ್ಪ. ನಮ್ಮನ್ಯಾಗೆ ಬ್ಯಾಡ."

ಎಲ್ಲರೂ ಎದ್ದುಹೋದ ಮೇಲೆ ಅವರು ನನ್ನ ಹತ್ತಿರ ಬಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಕೂಸು ಹುಟ್ಟಿದ ಮೂರ್ನಾಕು ತಿಂಗ್ಳಿಗೇ ನನ್ನ ಕೈಗೆ ಗೊತ್ತಾಗಿತ್ತು ನರ್ಸವ್ವ. ಯಾರ ಮುಂದೂ ಆಡ್ಲಿಲ್ಲ. ನಿಮ್ಮ ಕಾಗ್ದ ಒಳ್ಳೇದಾಗಿ ಬಂತು ನೋಡ್ರಿ, ಆವತ್ತು ನನ್ನ ಕೈನೇ ಸುಳ್ಳು ಅಂದ್ಕಂಡೆ. ಅರವತ್ತು ವರ್ಷದ ಕೈ" ಅಂದರು. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ರೊಪ್ಪದ ಕಡೆ ನಡೆದರು.

ತಿಮ್ಮಿ ಉಳಿದುಕೊಂಡಳು. ಮುಂದೆ ಎರಡು ವರ್ಷಕ್ಕೆ ಸಂಬಂಧವಿಲ್ಲದ ದೂರದ ಮನೆಗೆ ಅವಳನ್ನು ಕೊಟ್ಟರು, ಗಟ್ಟಿಮುಟ್ಟಾದ ಮೂರು ಮಕ್ಕಳಾದವು ಎಂದು ಕೇಳಿದ್ದೇನೆ. ಅಷ್ಟು ಒಳ್ಳೆಯದು ಆಯಿತು, ನನ್ನಿಂದಲ್ಲ. ಓಬಕ್ಕ ಉಳಿಯಲಿಲ್ಲ. ಎರಡನೆಯದೂ ಕೆಟ್ಟಿತು ಎಂದ ಮೇಲೆ ಕೆಂಚಜ್ಜಿ ಹಟ ಹಿಡಿದರು, ಈರಜ್ಜ ಈ ಸಲ ತಡೆಯಲಿಲ್ಲ. ಹೊರಗಿನ ಹೆಣ್ಣೇ ಆಗಬೇಕು ಎಂದಷ್ಟೇ ಹೇಳಿದರಂತೆ. ತಿಪ್ಪೇಶಿಗೆ ಆದಿವಾಲದ ಕಡೆಯಿಂದ, ಟಗರು ತರುತ್ತಿದ್ದ ಊರಿನಿಂದಲೇ, ಎರಡನೇ ಹೆಂಡತಿ ಗೊತ್ತಾಯಿತು. ಬಸ್ಸಿನಲ್ಲಿ ನಾನು ಹೇಳಿದ ಪಾಠವನ್ನು ಅವರು ಚೆನ್ನಾಗಿಯೇ ಕಲಿತಿದ್ದರು.

ದೀಪಾವಳಿಗೆ ಒಂದು ವಾರವಿದೆ ಎನ್ನುವಾಗ ಓಬಕ್ಕ ಮಾಡದಕೆರೆಗೆ ಹೊರಟಳು. ಅವಳ ಅಪ್ಪ ಮಲ್ಲೇಶಿಯನ್ನು ಹೊತ್ತು ಬಸ್ಸಿನ ದಾರಿಯಲ್ಲಿ ನಿಂತಿದ್ದ. ಇವಳು ಪುಟ್ಟಿಯನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದಳು. ವೀಳ್ಯದ ದಿನದಿಂದ ಬಂದಿರಲಿಲ್ಲ. ಸುಮಾ ತೆವಳಿಕೊಂಡು ಹೋಗಿ ಅವಳ ಸೀರೆ ಹಿಡಿದಳು. ಅವಳು ಬಗ್ಗಿ ಸುಮಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಮತ್ತೆ ಮಡಚಿದಳು.

"ಓಬಕ್ಕ, ನಾನು ಅವತ್ತು..." ಅಂದೆ.

"ಇರ್ಲಿ ಬಿಡ್ರಿ. ನಿಮ್ಗೂ ಹೊಟ್ಟೆಪಾಡು ಐತೆ" ಅಂದಳು. ಆಮೇಲೆ ಕೇಳಿದಳು: "ಆ ಕಾಗ್ದ ನಿಮ್ಮತ್ರಾನೇ ಐತಾ?"

"ಯಾವ ಕಾಗದ?"

"ಬೆಂಗ್ಳೂರಿಂದ ಬಂದಿದ್ದು. ನಂಗೆ ಕೊಡ್ರಿ ಅದ್ನ."

"ಅದು ಸುಳ್ಳು ಕಾಗದ ಕಣೇ, ಏನು ಮಾಡ್ತೀಯ ಅದನ್ನ ಇಟ್ಕೊಂಡು?"

"ಸುಳ್ಳು ಅಂತ ನಂಗೊತ್ತಿಲ್ವಾ ನರ್ಸಮ್ಮ. ಆದ್ರೂ ಅದರಾಗೆ ನನ್ನ ಪುಟ್ಟಿ ಹೆಸ್ರು ಬರ್ದು, ಏನೂ ಕಾಯ್ಲೆ ಇಲ್ಲ, ಚೆನ್ನಾಗೈತೆ ಅಂತ ಬರ್ದವ್ರಲ್ಲ. ಹಂಗೆ ಬರ್ದಿದ್ದು ಅದೊಂದೇ. ಇನ್ಯಾರು ಬರ್ಕೊಡ್ತಾರೆ ನಂಗೆ?"

ಅದು ನನ್ನ ಪೆಟ್ಟಿಗೆಯಲ್ಲೇ ಇತ್ತು, ನಾಲ್ಕು ಹೆಜ್ಜೆ ದೂರದಲ್ಲಿ. ಆದರೆ ಅದರ ಜೊತೆಗೇ ಹೊಲಿದು ಬೆಂಗಳೂರಿನಿಂದ ವಾಪಸು ಕಳಿಸಿದ್ದ ಫಾರಮ್ಮಿನ ಮೇಲೆ ನನ್ನ ಸಹಿ ಇತ್ತು. ಮಾಡದಕೆರೆಯಲ್ಲಿ ಯಾರಾದರೂ ಓದು ಬಂದವರು ಅದನ್ನು ನೋಡಿ, ಕೇಳಿ, ಎಲ್ಲಿಗಾದರೂ ಬರೆದರೆ? "ಅದು ಆಫೀಸಿನ ಕಾಗದ ಓಬಕ್ಕ, ಕೊಡೋ ಹಾಗಿಲ್ಲ" ಅಂದೆ. ಅವಳು ತಲೆಯಾಡಿಸಿ, ಸುಮಾಳ ಕೈಯನ್ನು ಸೀರೆಯಿಂದ ಬಿಡಿಸಿಕೊಂಡು, ಬಸ್ಸಿನ ದಾರಿ ಹಿಡಿದಳು. ಸುಮಾ ಅವಳ ಹಿಂದೆ ಹೊಸ್ತಿಲವರೆಗೂ ತೆವಳಿ ಅತ್ತಳು. ಆ ಸಂಜೆಯೇ ಕಾಗದವನ್ನು ನನ್ನ ಒಲೆಗೆ ಹಾಕಿದೆ.

ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು, ಹಿರಿಯೂರಿಗೆ ವರ್ಗವಾಯಿತು. ಮಲ್ಲೇಶಿ ಹೋದನೆಂದು ಕೇಳಿದೆ. ಅದಾಗಿ ಕೆಲವು ವರ್ಷಕ್ಕೆ ಪುಟ್ಟಿಯೂ ಹೋದಳಂತೆ. ಹೊಸದುರ್ಗದ ಕಡೆ ಎಷ್ಟೋ ಸಲ ಹೋಗಿದ್ದೇನೆ, ಮಾಡದಕೆರೆಯ ಬಸ್ಸು ನಿಂತಿರುವುದನ್ನೂ ಕಂಡಿದ್ದೇನೆ. ಹತ್ತಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ದಿನದ ಮೇಲೆ ಮೊಮ್ಮಗನ ಕಾಗದ ಬಂತು. ಯಾವ ದೋಷವೂ ಇಲ್ಲ. ಸುಮಾ ಅದನ್ನು ಒಂದು ಸಲ ನೋಡಿ, ಬಿಲ್ಲುಗಳ ಜೊತೆ ಕಸದ ಡಬ್ಬಿಗೆ ಹಾಕಿದಳು. ಅವಳು ಆಚೆ ಹೋದ ಮೇಲೆ ನಾನು ಅದನ್ನು ಎತ್ತಿ, ಸುಕ್ಕು ತೀಡಿ, ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಏನು ಮಾಡುತ್ತೀಯ ಅದನ್ನು ಇಟ್ಟುಕೊಂಡು ಎಂದು ನನ್ನನ್ನು ಯಾರೂ ಕೇಳಲಿಲ್ಲ.